ಗರಡಿ ಕಟ್ಟೆ: ಗಡಿಯಾರ ನೋಡಬೇಡಿ, ತಟ್ಟೆ ನೋಡಿ!

ಮರಿ ಪೈಲ್ವಾನರೇ,

ಈ ವಾರ ಬಂದ ಕಾಗದಗಳಲ್ಲಿ ಒಂದನ್ನು ಎರಡು ಸಲ ಓದಿದೆ. ಬರೆದವರು ದಾವಣಗೆರೆ ಕಡೆಯ ಒಬ್ಬ ಯುವಕ. ಜವಳಿ ಅಂಗಡಿಯಲ್ಲಿ ಕೆಲಸ. ವಯಸ್ಸು 22, ತೂಕ 58 ಕೆ.ಜಿ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಅವರ ಮಾತಲ್ಲೇ ಕೇಳಿ:

“ಅಂಗಡಿ ಬಾಗಿಲು ಹಾಕೋದು ಎಂಟೂವರೆಗೆ ಸಾರ್. ಹತ್ತರ ತನಕ ಜಿಮ್ಮು. ಕಡೇ ಬಸ್ ಹಿಡಿದು ಊರು ಮುಟ್ಟೋದ್ರಾಗ ಹನ್ನೊಂದು. ರಾತ್ರಿ ಎಂಟರ ಮ್ಯಾಲೆ ಉಂಡ್ರೆ ಎಲ್ಲಾ ಬೊಜ್ಜೇ ಆಕ್ಕೈತಿ, ಕಸರತ್ತು ಮುಗಿದ ಅರ್ಧ ತಾಸಿನೊಳಗ ಪೌಡರ್ ಕುಡೀದಿದ್ರೆ ಎತ್ತಿದ್ದೆಲ್ಲಾ ವೇಸ್ಟು ಅಂತ ಜಿಮ್ಮಿನ ಮಾಸ್ಟರ್ ಹೇಳ್ಯಾರ. ಅದನ್ನ ಕುಡಿದು ಹಂಗೇ ಮಲಗ್ತೀನಿ. ಅವ್ವ ಮುಚ್ಚಿಟ್ಟ ರೊಟ್ಟಿ ಬೆಳಿಗ್ಗೆ ದನಕ್ಕೆ ಹೋಗ್ತೈತಿ. ಸಂಬಳ 14 ಸಾವಿರ, ಡಬ್ಬಕ್ಕೆ ತಿಂಗಳಿಗೆ ಮೂರೂವರೆ ಸಾವಿರ. ನಾಲ್ಕು ತಿಂಗಳಾತು, ಎರಡು ಕೆ.ಜಿ. ಇಳಿದೀನಿ. ಇದಕ್ಕಿಂತ ಚಲೋ ಪೌಡರ್ ಯಾವುದೈತಿ, ಹೇಳ್ರಿ.”

ತಮ್ಮಾ, ಪೌಡರ್ ಬದಲಾಯಿಸಬೇಡಿ. ಆ ರೊಟ್ಟಿ ತಿನ್ನಿ!

ಮೊದಲು ಈ ‘ಅರ್ಧ ಗಂಟೆ’ಯ ಕಥೆ ಮುಗಿಸೋಣ. ಭಾರ ಎತ್ತಿದ ಮೇಲೆ ಮಾಂಸಖಂಡ ತನ್ನನ್ನು ತಾನು ಕಟ್ಟಿಕೊಳ್ಳುವ ಕೆಲಸ ಅರ್ಧ ಗಂಟೆಗೆ ಮುಗಿಯುವುದಿಲ್ಲ. ಒಂದು ಹಗಲು, ಒಂದು ರಾತ್ರಿ, ಅದಕ್ಕೂ ಹೆಚ್ಚು ಹೊತ್ತು ನಡೆದೇ ಇರುತ್ತದೆ. 2013ರಲ್ಲಿ ಇದರ ಮೇಲಿನ ಹಲವಾರು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ಲೆಕ್ಕ ಹಾಕಿ ನೋಡಿದರು. ದಿನದ ಒಟ್ಟು ಪ್ರೋಟೀನ್ ಸರಿಯಾಗಿದ್ದರೆ ಕಸರತ್ತಿನ ಹಿಂದೆ-ಮುಂದೆ ಕುಡಿದಿದ್ದರಿಂದ ಹೇಳಿಕೊಳ್ಳುವ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಇಂಟರ್ವಲ್ಲಿಗೆ ಎರಡು ನಿಮಿಷ ತಡವಾಗಿ ಬಂದರೆ ಸೀಟು ಹೋಗುವುದಿಲ್ಲ, ಹಾಗೇ ಇದು!

ರಾತ್ರಿ ಊಟದ ಕಥೆಯೂ ಅಷ್ಟೇ. ಎಂಟು ಗಂಟೆ ಹೊಡೆದ ತಕ್ಷಣ ರೊಟ್ಟಿ ಬೊಜ್ಜಾಗಿ ಬದಲಾಗುವುದಿಲ್ಲ. ದಿನವಿಡೀ ದೇಹ ಖರ್ಚು ಮಾಡಿದ್ದಕ್ಕಿಂತ ಹೆಚ್ಚು ತಿಂದರೆ ಬೊಜ್ಜು, ಕಡಿಮೆ ತಿಂದರೆ ತೂಕ ಇಳಿತ. ನಮ್ಮ ದಾವಣಗೆರೆ ತಮ್ಮನ ಎರಡು ಕೆ.ಜಿ. ಎಲ್ಲಿ ಹೋಯಿತು ಅನ್ನುವುದಕ್ಕೆ ಪತ್ತೇದಾರಿ ಬೇಕಿಲ್ಲ. ಉಂಡು ಕೂಡಲೇ ಮಲಗಿದರೆ ಕೆಲವರಿಗೆ ಎದೆ ಉರಿಯುತ್ತದೆ, ನಿಜ. ಅಂಥವರು ಅರ್ಧ ಊಟವನ್ನು ಸಂಜೆಗೇ ಮುಗಿಸಿಕೊಳ್ಳಿ, ಉಳಿದರ್ಧ ಮನೆಗೆ ಹೋಗಿ.

ಹಾಗಾದರೆ ಎಷ್ಟು ತಿನ್ನಬೇಕು? ಸಾಧಾರಣ ಮನುಷ್ಯನಿಗೆ ದಿನಕ್ಕೆ ತೂಕದ ಪ್ರತಿ ಕೆ.ಜಿ.ಗೆ 0.83 ಗ್ರಾಂ ಪ್ರೋಟೀನ್ ಸಾಕು ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕ. ಭಾರ ಎತ್ತುವವರಿಗೆ ಅದರ ಎರಡರಷ್ಟು, ಅಂದರೆ ಸುಮಾರು 1.6 ಗ್ರಾಂ. ಅದರ ಮೇಲೆ ಸುರಿದರೂ ಹೆಚ್ಚಿಗೆ ಏನೂ ಕಟ್ಟುವುದಿಲ್ಲ. 58 ಕೆ.ಜಿ.ಯ ನಮ್ಮ ತಮ್ಮನಿಗೆ ಸುಮಾರು 93 ಗ್ರಾಂ. “ಅಯ್ಯೋ, ಅಷ್ಟನ್ನು ಎಲ್ಲಿಂದ ತರಲಿ?” ಅಂತೀರಾ? ಕೂಡಿಸುತ್ತಾ ಬನ್ನಿ.

ಬೆಳಿಗ್ಗೆ ಬೇಯಿಸಿದ ಮೊಟ್ಟೆ ಮೂರು, 18 ಗ್ರಾಂ. ಜೊತೆಗೆ ಮೂರು ಇಡ್ಲಿ, ಒಂದು ಬಟ್ಟಲು ಸಾಂಬಾರ್, ಸುಮಾರು 8. (ದಾವಣಗೆರೆಯವರಿಗೆ ಬೆಣ್ಣೆ ದೋಸೆ ಬಿಡಿ ಎನ್ನುವಷ್ಟು ಧೈರ್ಯ ನನಗಿಲ್ಲ. ಭಾನುವಾರಕ್ಕೆ ಇಟ್ಟುಕೊಳ್ಳಿ!) ಮಧ್ಯಾಹ್ನ ಡಬ್ಬಿಯಲ್ಲಿ ಅನ್ನ, ಗಟ್ಟಿ ಬೇಳೆ ಸಾರು, ಮೊಸರು. ಬೇಳೆ ಹೆಸರಿಗಷ್ಟೇ ತೇಲದೆ ಒಂದು ಹಿಡಿ ಇದ್ದರೆ ಎಲ್ಲಾ ಸೇರಿ 26. ಸಂಜೆ ಅಂಗಡಿಯಲ್ಲಿ ಟೀ ಬದಲು ಒಂದು ದೊಡ್ಡ ಲೋಟ ಹಾಲು, 8. ಜಿಮ್ಮಿಗೆ ಹೋಗುವ ಮುಂಚೆ ಎರಡು ಬಾಳೆಹಣ್ಣು. ಅದರಲ್ಲಿ ಪ್ರೋಟೀನ್ ಹೆಚ್ಚಿಲ್ಲ, ಭಾರ ಎತ್ತಲು ಬೇಕಾದ ಕಸುವು ಇದೆ.

ಇನ್ನು ಬಸ್ಸಿನ ಒಂದು ತಾಸು. ಈ ಪತ್ರಿಕೆ ಕೊಂಡಿರಲ್ಲ, ಆ ಅಂಗಡಿಯ ಪಕ್ಕದಲ್ಲೇ ಒಬ್ಬ ಹುರಿದ ಕಡಲೆಕಾಯಿ ಬೀಜ ಪೊಟ್ಟಣ ಕಟ್ಟಿ ಮಾರುತ್ತಿರುತ್ತಾನೆ ನೋಡಿ. ಅವನೇ ನಿಮ್ಮ ಪೌಡರ್ ಏಜೆಂಟ್! 50 ಗ್ರಾಂ ಬೀಜದಲ್ಲಿ 12 ಗ್ರಾಂ ಪ್ರೋಟೀನ್. ಕಿಟಕಿ ಪಕ್ಕ ಕೂತು ಮೆಲ್ಲುತ್ತಾ ಹೋಗಿ. ಮನೆ ಮುಟ್ಟಿದ ಮೇಲೆ ಅವ್ವ ಮುಚ್ಚಿಟ್ಟ ಎರಡು ಜೋಳದ ರೊಟ್ಟಿ, ಒಂದು ಬಟ್ಟಲು ಹೆಸರುಕಾಳಿನ ಪಲ್ಯ, 21 ಗ್ರಾಂ. ಕೂಡಿಸಿ. 93 ಆಯಿತಾ? ಮಾಂಸ ಮುಟ್ಟಲಿಲ್ಲ, ಡಬ್ಬ ತೆರೆಯಲಿಲ್ಲ.

ಮೊಟ್ಟೆ ತಿನ್ನದವರು ಅದರ ಬದಲು 35 ಗ್ರಾಂ ಸೋಯಾ ಉಂಡೆ ಹಾಕಿ ಪಲ್ಯ ಮಾಡಿಸಿಕೊಳ್ಳಿ, ಅದೇ 18 ಗ್ರಾಂ ಬರುತ್ತದೆ. ಮಂಡ್ಯ-ಮೈಸೂರು ಕಡೆಯವರು ರೊಟ್ಟಿಯ ಜಾಗಕ್ಕೆ ರಾಗಿ ಮುದ್ದೆ ಇಡಿ, ಹುರುಳಿಕಾಳಿನ ಬಸ್ಸಾರು ಸುರಿಯಿರಿ. ಹುರುಳಿ ಕುದುರೆಗೆ ಮಾತ್ರ ಅಂತ ಮೂಗು ಮುರಿಯಬೇಡಿ, 100 ಗ್ರಾಂ ಕಾಳಿನಲ್ಲಿ 22 ಗ್ರಾಂ ಪ್ರೋಟೀನ್ ಇದೆ. ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳದೆ ಇದಕ್ಕೆ ಕೈ ಹಾಕಬೇಡಿ.

ಪೌಡರ್ ವಿಷ ಅಂತ ನಾನು ಹೇಳುತ್ತಿಲ್ಲ. ಹಾಲು ಒಡೆಸಿ ಪನೀರ್ ಮಾಡಿದಾಗ ಉಳಿಯುವ ತಿಳಿನೀರಿದೆಯಲ್ಲ, ಅದನ್ನು ಒಣಗಿಸಿದ ಪುಡಿ ಅದು. ಒಂದು ಅಳತೆಯಲ್ಲಿ ಹೆಚ್ಚುಕಡಿಮೆ ನಾಲ್ಕು ಮೊಟ್ಟೆಯಷ್ಟು ಪ್ರೋಟೀನ್. ದುಡ್ಡಿದ್ದವರು ಕುಡಿಯಲಿ, ಹೊಟ್ಟೆ ತುಂಬಾ ಉಂಡ ಮೇಲೆ ಕುಡಿಯಲಿ. ಊಟ ಬಿಟ್ಟು ಕುಡಿದರೆ ಸಂಬಳವೂ ಕರಗುತ್ತದೆ, ತೋಳೂ ಕರಗುತ್ತದೆ. ಬಿಡಿಯಾಗಿ ಕವರಿನಲ್ಲಿ ತೂಗಿ ಕೊಡುವ ಪುಡಿಯನ್ನಂತೂ ಮುಟ್ಟಲೇಬೇಡಿ. ಡಬ್ಬದ ಮೇಲೆ 14 ಅಂಕಿಯ ಆಹಾರ ಲೈಸೆನ್ಸ್ ನಂಬರ್ ಇರಲೇಬೇಕು.

ಈಗ ಕಸರತ್ತು. ನಮ್ಮ ಹುಡುಗರದು ಒಂದು ಚಾಳಿ: ಕನ್ನಡಿಯಲ್ಲಿ ಕಾಣುವ ಭಾಗಕ್ಕೆ ಮಾತ್ರ ಸಾಮು. ಸೋಮವಾರ ಎದೆ, ಮಂಗಳವಾರ ತೋಳು, ಬುಧವಾರ ಮತ್ತೆ ಎದೆ... ಕಾಲು ನೋಡಿದರೆ ಕೊಕ್ಕರೆ! ವಾರಕ್ಕೆ ಮೂರೇ ದಿನ ಸಾಕು, ಮೂರೂ ದಿನ ಇಡೀ ಮೈಗೆ. ಹೆಗಲ ಮೇಲೆ ಭಾರ ಹೊತ್ತು ಬಸ್ಕಿ, ನೆಲದಿಂದ ಭಾರ ಎತ್ತುವುದು, ಮಲಗಿ ತಳ್ಳುವುದು, ತಲೆಯ ಮೇಲೆ ಎತ್ತುವುದು, ಬಗ್ಗಿ ಹೊಟ್ಟೆಯ ಕಡೆಗೆ ಎಳೆಯುವುದು. ಒಂದೊಂದೂ ಮೂರು ಸೆಟ್, ಸೆಟ್ಟಿಗೆ 8ರಿಂದ 12. ನಡುವೆ ಎರಡು ನಿಮಿಷ ಬಿಡುವು. ಇನ್ನೊಂದೆರಡು ಎತ್ತಬಹುದಿತ್ತು ಅನ್ನುವಾಗಲೇ ಕೆಳಗಿಡಿ. ಮೂರು ಸೆಟ್ಟಲ್ಲೂ 12 ಸಲೀಸಾಗಿ ಬಂದ ದಿನ ಎರಡೂವರೆ ಕೆ.ಜಿ. ಏರಿಸಿ. ಎರಡು ರೂಪಾಯಿ ಪೆನ್ನು, ಹಳೇ ನೋಟ್ ಬುಕ್ಕು ತಗೊಂಡು ಎಲ್ಲಾ ಬರೆದಿಡಿ. ಕಳೆದ ತಿಂಗಳು ಎಷ್ಟು ಎತ್ತಿದೆ ಅಂತ ಗೊತ್ತಿಲ್ಲದವನು ಈ ತಿಂಗಳು ಬೆಳೆದಿದ್ದಾನೋ ಇಲ್ಲವೋ ಹೇಗೆ ತಿಳಿಯಬೇಕು?

ಜಿಮ್ಮಿಗೆ ದುಡ್ಡಿಲ್ಲವೇ? ದಂಡ, ಬಸ್ಕಿ ಇವೆ. ಮೈಸೂರಿನ ಗರಡಿಗಳಲ್ಲಿ ಮಟ್ಟಿ ಮೈಗೆ ಮೆತ್ತಿಕೊಂಡು ಅದನ್ನೇ ತೆಗೆದು ಪೈಲ್ವಾನರಾದವರು ಎಷ್ಟು ಜನ! ಶನಿವಾರ ಒಪ್ಪತ್ತು ಮಾಡುವವರು ಆ ದಿನ ಕಸರತ್ತು ಇಟ್ಟುಕೊಳ್ಳಬೇಡಿ. ರಂಜಾನ್ ಉಪವಾಸದವರು ಸಂಜೆ ಉಪವಾಸ ಬಿಟ್ಟ ಮೇಲೆ ಎತ್ತಿ. ಸೆಕೆಂಡ್ ಶೋ ನೋಡಿ ಬಂದು ಬೆಳಿಗ್ಗೆ ಐದಕ್ಕೆ ಜಿಮ್ಮಿಗೆ ಓಡುವ ಶೂರರೇ, ನಿದ್ದೆ ಏಳು ಗಂಟೆಯಾದರೂ ಬೇಕು. ಮೈ ಕಟ್ಟುವುದು ಆಗಲೇ.

ಪರದೆ ಮೇಲೆ ಕಾಣುವ ಹೊಟ್ಟೆಯ ಆರು ಗಂಟುಗಳ ಬಗ್ಗೆಯೂ ಒಂದು ಮಾತು. 2019ರ ‘ಪೈಲ್ವಾನ್’ ನೋಡಿ ಸುದೀಪ್ ಥರಾ ಆಗಬೇಕು ಅಂತ ಆವತ್ತೇ ಜಿಮ್ ಸೇರಿದವರು ನಿಮ್ಮಲ್ಲೇ ಇದ್ದೀರಿ. ಆಸೆ ತಪ್ಪಲ್ಲ. ಆದರೆ ಸಿನಿಮಾದವರ ಕೈಯಲ್ಲಿ ಎಷ್ಟೊಂದು ಉಪಾಯಗಳಿವೆ ಗೊತ್ತೇ? ಶಾಟ್‌ಗೆ ಮುಂಚೆ ಡಂಬೆಲ್ ಎತ್ತಿ ತೋಳು ಉಬ್ಬಿಸಿ, ಮೈಗೆ ಎಣ್ಣೆ ಸವರಿ, ಪಕ್ಕದಿಂದ ಲೈಟ್ ಬಿಟ್ಟರೆ ಯಾರ ಮೈಯೂ ಎರಡರಷ್ಟು ಕಾಣುತ್ತದೆ. ದೇಹದಾರ್ಢ್ಯ ಸ್ಪರ್ಧೆಯವರು ಕೆಲವರು ನೀರು ಕುಡಿಯುವುದನ್ನೇ ನಿಲ್ಲಿಸಿ ಚರ್ಮ ಬಿಗಿ ಮಾಡುತ್ತಾರೆ. ಅದು ಪ್ರಾಣದ ಜೊತೆ ಆಟ, ನಿಮಗೆ ಬೇಡ. 1983ರ ‘ಕಾಮನಬಿಲ್ಲು’ವಿನಲ್ಲಿ ಅಣ್ಣಾವ್ರು ಯೋಗಾಸನ ಹಾಕುವುದನ್ನು ಮತ್ತೊಮ್ಮೆ ನೋಡಿ. ಆಗ ಅವರಿಗೆ ಐವತ್ತು ದಾಟಿತ್ತು! ಮೂರು ತಿಂಗಳ ಕೋರ್ಸಿಗೆ ಬರುವ ಮೈಯಲ್ಲ ಅದು.

ಕೋರ್ಸ್ ಅಂದೆನಲ್ಲ... ಜಿಮ್ಮಿನಲ್ಲಿ ಯಾರಾದರೂ ಹೆಗಲ ಮೇಲೆ ಕೈ ಹಾಕಿ “ಒಂದು ಕೋರ್ಸ್ ಹಾಕ್ತೀನಿ ಗುರೂ, ಎರಡು ತಿಂಗಳಲ್ಲಿ ಬೇರೆ ಮನುಷ್ಯ ಆಗ್ತೀಯ” ಅಂದರೆ ಅಲ್ಲಿಂದ ಎದ್ದು ಬನ್ನಿ. ಅದು ಸ್ಟೆರಾಯ್ಡ್ ಇಂಜೆಕ್ಷನ್. ಬೇರೆ ಮನುಷ್ಯ ಆಗುವುದೇನೋ ನಿಜ. ಮುಖ-ಬೆನ್ನಿಗೆ ಮೊಡವೆ, ವೃಷಣ ಕುಗ್ಗಿ ಮಕ್ಕಳಾಗುವ ಶಕ್ತಿಗೇ ಕುತ್ತು, ಯಕೃತ್ತಿಗೆ ಪೆಟ್ಟು, ಹೃದಯದ ಗೋಡೆ ದಪ್ಪ. ಇಷ್ಟೆಲ್ಲಾ ದುಡ್ಡು ಕೊಟ್ಟು!

ಹೃದಯದ ಮಾತು ಬಂದರೆ ನಮಗೆಲ್ಲಾ ನೆನಪಾಗುವ ದಿನ ಒಂದೇ, 2021ರ ಅಕ್ಟೋಬರ್ 29. ನಮ್ಮ ಅಪ್ಪುಗೆ ಆಗ 46. ಆಮೇಲೆ ನೂರಾರು ಹುಡುಗರು ಜಿಮ್ ಬಿಟ್ಟರು, ಬೆಂಗಳೂರಿನ ಜಯದೇವ ಆಸ್ಪತ್ರೆ ಮುಂದೆ ಸಾಲು ನಿಂತರು. ಬಿಡಬೇಕಿಲ್ಲ, ಹದವಾದ ಕಸರತ್ತು ಹೃದಯಕ್ಕೆ ಒಳ್ಳೆಯದೇ. ಆದರೆ ಮನೆಯಲ್ಲಿ ಅಪ್ಪನಿಗೋ ಅಣ್ಣನಿಗೋ ಚಿಕ್ಕ ವಯಸ್ಸಿನಲ್ಲೇ ಹೃದಯದ ತೊಂದರೆ ಬಂದಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ, ಆಮೇಲೆ ಭಾರ ಎತ್ತಿ. ಎತ್ತುವಾಗ ಎದೆ ಹಿಂಡಿದಂತಾದರೆ, ನೋವು ಎಡತೋಳಿಗೋ ದವಡೆಗೋ ಹರಿದರೆ, ಕಣ್ಣು ಕತ್ತಲೆ ಬಂದರೆ, “ಗ್ಯಾಸ್ ಇರಬೇಕು, ಇನ್ನೊಂದು ಸೆಟ್ ಮುಗಿಸ್ತೀನಿ” ಅನ್ನಬೇಡಿ. ಅಲ್ಲೇ ಕೂತು ಪಕ್ಕದವರನ್ನು ಕೂಗಿ. 108ಕ್ಕೆ ಫೋನ್ ಮಾಡಿಸಿ. ಹಾಗೆಯೇ ಮೈಮೀರಿ ಕಸರತ್ತು ಮಾಡಿದ ಮಾರನೇ ದಿನ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅದೂ ಆಸ್ಪತ್ರೆಗೆ ಓಡುವ ವಿಷಯವೇ. ಮಾಂಸಖಂಡ ಒಡೆದು ಕಿಡ್ನಿಗೆ ಇಳಿಯುತ್ತಿದೆ ಎಂದು ಅರ್ಥ.

ಜಾಗ ಮುಗಿಯಿತು ಅಂತ ಸಂಪಾದಕರು ಗೊಣಗುತ್ತಿದ್ದಾರೆ. ತುಮಕೂರಿನ ಒಬ್ಬ ಅಭಿಮಾನಿಯ ಪ್ರಶ್ನೆಗೆ ಒಂದೇ ಮಾತು ಹೇಳಿಬಿಡುತ್ತೇನೆ. “ಸಿನಿಮಾದಲ್ಲಿ ಹೀರೋ ಬೆಳಿಗ್ಗೆ ಎದ್ದು ಹಸಿ ಮೊಟ್ಟೆ ಒಡೆದು ಗಟಗಟ ಕುಡೀತಾನಲ್ಲ, ಅದರಲ್ಲಿ ಶಕ್ತಿ ಜಾಸ್ತಿನಾ ಸಾರ್?” ಇಲ್ಲ ಮಹರಾಯರೇ. ಬೇಯಿಸಿದ ಮೊಟ್ಟೆಯ ಪ್ರೋಟೀನ್ ನೂರಕ್ಕೆ ತೊಂಬತ್ತು ಪಾಲು ಮೈಗೆ ಹತ್ತುತ್ತದೆ, ಹಸಿಯದು ಅರ್ಧ ಮಾತ್ರ. ಮೇಲಿಂದ ಹೊಟ್ಟೆ ಕೆಡುವ ಭಯ ಬೇರೆ. ಬೇಯಿಸಿ, ಮೇಲೆ ಸ್ವಲ್ಪ ಉಪ್ಪು-ಮೆಣಸು ಉದುರಿಸಿಕೊಳ್ಳಿ, ರುಚಿಯೂ ಇರುತ್ತದೆ!