ಉಳಿದ ಜೀವಕ್ಕೆ ಹೃದಯದ ಕಾವಲು

ಎಚ್‌ಐವಿ ತಗುಲಿತೆಂದರೆ ದಿನ ಎಣಿಸುವುದೊಂದೇ ಬಾಕಿ ಎಂದು ಜನ ನಂಬಿದ್ದ ಕಾಲವೊಂದಿತ್ತು. 2004ರ ಏಪ್ರಿಲ್ 1ರಂದು ನಮ್ಮ ದೇಶದಲ್ಲಿ ಸರಕಾರದ ಉಚಿತ ಎಆರ್‌ಟಿ ಚಿಕಿತ್ಸೆ ಆರಂಭವಾಯಿತು. ಅಂದು ಮೂವತ್ತರ ಹರೆಯದಲ್ಲಿ ಮಾತ್ರೆ ಹಿಡಿದವರು ಇಂದು ಐವತ್ತು ದಾಟಿದ್ದಾರೆ. ದುಡಿದು ಮನೆ ನಡೆಸಿದ್ದಾರೆ, ಮಕ್ಕಳ ಮದುವೆ ಮಾಡಿದ್ದಾರೆ. ಹೀಗೆ ಉಳಿದ ಜೀವಗಳಿಗೆ ಈಗ ಬೇರೊಂದು ಕಡೆಯಿಂದ ಅಪಾಯ ಬರುತ್ತಿದೆ. ಎಚ್‌ಐವಿ ಇರುವವರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಯ ಸಾಧ್ಯತೆ ಇತರರಿಗಿಂತ ಸುಮಾರು ಎರಡು ಪಟ್ಟು ಎಂದು ಅಧ್ಯಯನಗಳು ತೋರಿಸಿವೆ.

ಇದಕ್ಕೆ ಕಾರಣ ಒಂದಲ್ಲ. ಚಿಕಿತ್ಸೆಯಿಂದ ವೈರಾಣು ಅಡಗಿದ್ದರೂ ದೇಹದೊಳಗೆ ಸಣ್ಣ ಪ್ರಮಾಣದ ಉರಿಯೂತ ವರ್ಷಗಟ್ಟಲೆ ಉಳಿಯುತ್ತದೆ. ಅದು ರಕ್ತನಾಳದ ಒಳಗೋಡೆಯನ್ನು ಕೆಡಿಸುತ್ತದೆ, ಕೆಟ್ಟ ಜಾಗದಲ್ಲಿ ಕೊಲೆಸ್ಟ್ರಾಲ್ ಕೂರುತ್ತದೆ. ಹಳೆಯ ಕಬ್ಬಿಣದ ನೀರಿನ ಪೈಪನ್ನು ನೆನೆಯಿರಿ. ಹೊರಗೆ ಬಣ್ಣ ಚೆನ್ನಾಗಿರುತ್ತದೆ, ಒಳಗೆ ತುಕ್ಕು ಹಿಡಿದು ದಾರಿ ಕಿರಿದಾಗಿರುತ್ತದೆ. ಜೊತೆಗೆ ಕೆಲವು ಔಷಧಗಳ ಪಾತ್ರವೂ ಇದೆ. ಲೋಪಿನಾವಿರ್-ರಿಟೊನಾವಿರ್ ಜೋಡಿ ರಕ್ತದ ಟ್ರೈಗ್ಲಿಸರೈಡನ್ನು ಏರಿಸುತ್ತದೆ. ಎಫಾವಿರೆಂಜ್ ಕೊಲೆಸ್ಟ್ರಾಲನ್ನು ಏರಿಸಬಲ್ಲದು. ಈಗ ಹೆಚ್ಚಿನವರಿಗೆ ಕೊಡುವ, ಡೊಲುಟೆಗ್ರಾವಿರ್ ಸೇರಿದ ಮಾತ್ರೆ ಈ ವಿಷಯದಲ್ಲಿ ಹಗುರ. ಆದರೆ ಕೆಲವರಲ್ಲಿ ತೂಕ ಹೆಚ್ಚುತ್ತದೆ. ಬೀಡಿ, ಗುಟಕಾ, ಬಿಪಿ, ಸಕ್ಕರೆ ಕಾಯಿಲೆ ಇವೂ ಸೇರಿಕೊಂಡರೆ ಅಪಾಯ ಇನ್ನೂ ಬೆಳೆಯುತ್ತದೆ.

ಹಾಗಾದರೆ ತಡೆಯುವ ದಾರಿ ಇದೆಯೇ? ಇದೆ. ಭಾರತವೂ ಸೇರಿ 12 ದೇಶಗಳಲ್ಲಿ, 40ರಿಂದ 75 ವಯಸ್ಸಿನ 7,769 ಎಚ್‌ಐವಿ ಸೋಂಕಿತರ ಮೇಲೆ 'ರಿಪ್ರೀವ್' ಎಂಬ ಅಧ್ಯಯನ ನಡೆಯಿತು. ಇವರೆಲ್ಲ ಚಿಕಿತ್ಸೆಯಲ್ಲಿದ್ದವರು, ಹೃದಯದ ಅಪಾಯ ಕಡಿಮೆ ಅಥವಾ ಮಧ್ಯಮ ಎಂದು ಲೆಕ್ಕ ಹಾಕಲಾಗಿದ್ದವರು. ಅರ್ಧ ಜನಕ್ಕೆ ದಿನಕ್ಕೊಂದು ಪಿಟವಾಸ್ಟಾಟಿನ್ ಮಾತ್ರೆ, ಉಳಿದವರಿಗೆ ಔಷಧವಿಲ್ಲದ ಹುಸಿ ಮಾತ್ರೆ ಕೊಡಲಾಯಿತು. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಸ್ಟಾಟಿನ್ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂತಹ ಗಂಡಾಂತರಗಳು ಶೇ. 35ರಷ್ಟು ಕಡಿಮೆಯಾಗಿದ್ದವು. ಲಾಭ ಅಷ್ಟು ಸ್ಪಷ್ಟವಾಗಿದ್ದರಿಂದ ಅಧ್ಯಯನವನ್ನು ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. ಸ್ಟಾಟಿನ್ ಪಡೆದವರಲ್ಲಿ ಸಕ್ಕರೆ ಕಾಯಿಲೆ ಮತ್ತು ಸ್ನಾಯು ನೋವು ತುಸು ಹೆಚ್ಚು ಕಂಡವು. ಆದ್ದರಿಂದ ಯಾರಿಗೆ ಕೊಡಬೇಕೆಂಬುದು ವೈದ್ಯರ ತೀರ್ಮಾನ. ಆದರೆ 'ರಿಪೋರ್ಟಿನಲ್ಲಿ ಕೊಲೆಸ್ಟ್ರಾಲ್ ಅಷ್ಟೇನೂ ಇಲ್ಲ' ಎಂದು ನಲವತ್ತು ದಾಟಿದ ಸೋಂಕಿತರು ನಿಶ್ಚಿಂತರಾಗುವಂತಿಲ್ಲ.

ಕೊಲೆಸ್ಟ್ರಾಲಿಗೆ ಹೆದರಿ ಎಆರ್‌ಟಿ ಮಾತ್ರೆ ಬಿಡುವುದಂತೂ ಆತ್ಮಘಾತ. 2006ರಲ್ಲಿ ಪ್ರಕಟವಾದ 'ಸ್ಮಾರ್ಟ್' ಅಧ್ಯಯನದಲ್ಲಿ, ಚಿಕಿತ್ಸೆಯನ್ನು ನಡುನಡುವೆ ನಿಲ್ಲಿಸಿದವರಲ್ಲಿ ಸಾವು ಹೆಚ್ಚಾಯಿತು. ಹೃದಯ, ಮೂತ್ರಪಿಂಡ, ಯಕೃತ್ತಿನ ಕಾಯಿಲೆಗಳೂ ಹೆಚ್ಚಾದವು. ಮಾತ್ರೆ ಹೊಂದದಿದ್ದರೆ ಬದಲಿಸಲು ಬೇರೆ ಮಾತ್ರೆಗಳಿವೆ. ಅದನ್ನು ಎಆರ್‌ಟಿ ಕೇಂದ್ರದ ವೈದ್ಯರೇ ಹೇಳಬೇಕು.

ಇಷ್ಟೆಲ್ಲ ತಿಳಿವಳಿಕೆ ಇದ್ದೂ ಜೀವ ಹೋಗುವುದಾದರೆ, ಅದಕ್ಕೆ ಒಂದು ಕಾರಣ ನಾವೇ. ನೆರೆಯವರ ಕಣ್ಣಿಗೆ ಅಂಜಿ ಮಾತ್ರೆಯ ಡಬ್ಬಿಯನ್ನು ಮುಚ್ಚಿಡುವವರು, ಎದೆನೋವಿಗೆ ತೋರಿಸಲು ಹೋದಾಗ ಹೃದಯದ ವೈದ್ಯರಿಂದಲೂ ಅದನ್ನು ಮುಚ್ಚಿಡುತ್ತಾರೆ. ಇದು ಪ್ರಾಣಕ್ಕೇ ಬರಬಹುದು. ರಿಟೊನಾವಿರ್ ತೆಗೆದುಕೊಳ್ಳುವವರಿಗೆ ಸಿಮ್ವಾಸ್ಟಾಟಿನ್ ಕೊಟ್ಟರೆ ಆ ಔಷಧ ರಕ್ತದಲ್ಲಿ ವಿಪರೀತ ಏರಿ ಸ್ನಾಯುಗಳನ್ನೇ ಹಾಳುಮಾಡಬಲ್ಲದು. ಸೋಂಕಿತರ ಗುಟ್ಟು ಕಾಯಬೇಕು, ಅವರಿಗೆ ಭೇದ ಮಾಡಬಾರದು ಎಂದು 2017ರ ಕಾಯಿದೆ ಹೇಳುತ್ತದೆ. ಕಾಯಿದೆ ಆಸ್ಪತ್ರೆಯ ಬಾಗಿಲವರೆಗೆ ಕಾಯಬಹುದು. ಓಣಿಯ ಕಟ್ಟೆಯ ಮೇಲಿನ ನಾಲಿಗೆಯನ್ನು ಹಿಡಿಯಬೇಕಾದವರು ನಾವು.

ಶರಣ ಬಂಧುಗಳೇ, ಜಾತ್ರೆ-ಉತ್ಸವಗಳಲ್ಲಿ ನಮ್ಮ ಮಠಗಳು ಆರೋಗ್ಯ ಶಿಬಿರ ನಡೆಸುವಾಗ ನಲವತ್ತು ದಾಟಿದ ಎಲ್ಲರಿಗೂ ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸೋಣ. ಯಾರಿಗೆ ಯಾವ ಸೋಂಕಿದೆ ಎಂದು ಕೇಳುವ ಅಗತ್ಯವೇ ಇಲ್ಲ. 'ನೀವು ಈಗ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ?' ಎಂಬ ಪ್ರಶ್ನೆಯನ್ನು ವೈದ್ಯರು ಪ್ರತಿಯೊಬ್ಬರನ್ನೂ ಮರೆಯಲ್ಲಿ, ಒಬ್ಬೊಬ್ಬರನ್ನಾಗಿ ಕೇಳುವಂತೆ ಒಂದು ಪ್ರತ್ಯೇಕ ಕೋಣೆ ಬಿಟ್ಟುಕೊಟ್ಟರೆ ಸಾಕು. ಅಂಜದೆ ಉತ್ತರ ಹೇಳಬಹುದಾದ ಅಂಥದೊಂದು ಕೋಣೆಗೆ ದೊಡ್ಡ ಖರ್ಚೇನೂ ಇಲ್ಲ.