ತಿಳಿಯದ ಕಾಗದಕ್ಕೆ ಸಹಿ ಯಾಕೆ?

ತಳಿ ಕಡೆಯ ನಮ್ಮ ಸಂಬಂಧಿಕರ ಹೆಣ್ಣುಮಗಳೊಬ್ಬಳಿಗೆ ನಾಲ್ಕು ತಿಂಗಳು ತುಂಬಿದಾಗ ಆಸ್ಪತ್ರೆಯೊಂದರಲ್ಲಿ 'ಹೊಟ್ಟೆ ನೀರಿನ ಟೆಸ್ಟ್ ಮಾಡಬೇಕು, ಸಹಿ ಹಾಕಿ' ಅಂದರು. ಕಾಗದ ಇಂಗ್ಲಿಷಿನಲ್ಲಿತ್ತು, ವಿವರಣೆ ತಮಿಳಿನಲ್ಲಿ. ಆಕೆ ಓದಿದ್ದು ಕನ್ನಡ ಶಾಲೆಯಲ್ಲಿ. ಗಂಡನ ಮುಖ ನೋಡಿದಳು, ಸಹಿ ಹಾಕಿದಳು. ಮನೆಗೆ ಬಂದ ಮೇಲೆ ಅತ್ತೆ ಕೇಳಿದ್ದು ಒಂದೇ ಮಾತು: 'ಗಂಡೋ ಹೆಣ್ಣೋ, ಹೇಳಿದ್ರಾ?'

ಗಡಿ ಭಾಗದ ಎರಡು ತೊಂದರೆಗಳು ಇದರಲ್ಲಿವೆ. ಪರೀಕ್ಷೆ ಯಾತಕ್ಕೆ ಎಂದು ಮನೆಯವರಿಗೆ ಗೊತ್ತಿಲ್ಲ. ತಿಳಿಸಬೇಕಾದವರು ತಿಳಿಯುವ ಭಾಷೆಯಲ್ಲಿ ತಿಳಿಸುವುದಿಲ್ಲ.

ಈ ಪರೀಕ್ಷೆಯ ಹೆಸರು ಆಮ್ನಿಯೋಸೆಂಟೆಸಿಸ್. ಸಾಮಾನ್ಯವಾಗಿ 15ರಿಂದ 20 ವಾರದೊಳಗೆ ಸ್ಕ್ಯಾನ್ ನೋಡಿಕೊಂಡು, ತೆಳು ಸೂಜಿಯಿಂದ ಮಗುವಿನ ಸುತ್ತಲಿನ ನೀರನ್ನು ಸ್ವಲ್ಪ ತೆಗೆಯುತ್ತಾರೆ. ಅದರಲ್ಲಿರುವ ಮಗುವಿನ ಜೀವಕೋಶಗಳಿಂದ ಡೌನ್ ಸಿಂಡ್ರೋಮ್, ಥಲಸ್ಸೇಮಿಯಾದಂಥ ಕಾಯಿಲೆ ಪತ್ತೆಯಾಗುತ್ತದೆ. ಈಗ ತಾಯಿಯ ರಕ್ತದಿಂದ ಮಾಡುವ ತಪಾಸಣೆಯೂ ಬಂದಿದೆ. ಆದರೆ ಅದು ಅನುಮಾನ ತೋರಿಸುತ್ತದೆ ಅಷ್ಟೆ. ಖಚಿತವಾಗಬೇಕಾದರೆ ಸೂಜಿ ಪರೀಕ್ಷೆಯೇ ಬೇಕು. ಗರ್ಭಪಾತದ ಅಪಾಯ ಕಡಿಮೆ, ಇಲ್ಲವೇ ಇಲ್ಲ ಎನ್ನುವಂತಿಲ್ಲ.

ಹಾಗಾಗಿ ಇದು ಎಲ್ಲರಿಗೂ ಅಲ್ಲ. 35 ದಾಟಿದ ತಾಯಿ, ಎರಡು ಅಥವಾ ಹೆಚ್ಚು ಬಾರಿ ಗರ್ಭ ಹೋದವರು, ಮನೆತನದಲ್ಲಿ ಅಂಗವೈಕಲ್ಯ, ಬುದ್ಧಿಮಾಂದ್ಯ ಅಥವಾ ವಂಶದ ಕಾಯಿಲೆ ಇರುವವರು ಮುಂತಾದವರಿಗೆ ಕಾನೂನು ಅವಕಾಶ ಕೊಟ್ಟಿದೆ. ಸೋದರಮಾವನಿಗೆ, ಅತ್ತೆ ಮಗನಿಗೆ ಹೆಣ್ಣು ಕೊಡುವ ನಮ್ಮ ಕಡೆ ವಂಶದ ಕಾಯಿಲೆ ಮಗುವಿಗೆ ಬರುವ ಸಂಭವ ಹೆಚ್ಚು. ಅಂಥ ಮನೆಗಳಿಗೆ ಈ ಪರೀಕ್ಷೆಯಿಂದ ಉಪಕಾರವೇ ಆಗುತ್ತದೆ.

ಆದರೂ ಹೆಸರು ಕೆಟ್ಟಿದೆ. 1970ರ ದಶಕದಲ್ಲಿ ಕಾಯಿಲೆ ಪತ್ತೆಗೆಂದು ದೇಶಕ್ಕೆ ಬಂದದ್ದು ಹೆಣ್ಣು ಭ್ರೂಣ ತೆಗೆಸುವ ದಾರಿಯಾಯಿತು. ಮೊದಲು ಕಾನೂನು ಮಾಡಿದ್ದು ಮಹಾರಾಷ್ಟ್ರ, 1988ರಲ್ಲಿ. ಕೇಂದ್ರದ ಕಾಯ್ದೆ ಬಂದದ್ದು 1994ರಲ್ಲಿ. ನಮ್ಮ ಜಿಲ್ಲೆಯೂ ಇದರಿಂದ ಹೊರತಲ್ಲ. ಹೆಣ್ಣುಶಿಶು ಹತ್ಯೆ ತಡೆಯಲು 1992ರಲ್ಲಿ ಸೇಲಂನಲ್ಲಿ ಶುರುವಾದ ತೊಟ್ಟಿಲು ಮಗು ಯೋಜನೆ 2001ರಲ್ಲಿ ಧರ್ಮಪುರಿಗೂ ಬಂತು. ಆಗ ಕೃಷ್ಣಗಿರಿ ಧರ್ಮಪುರಿಯೊಳಗೇ ಇತ್ತು. ಬೇರೆ ಜಿಲ್ಲೆಯಾದದ್ದು 2004ರಲ್ಲಿ. ಲಿಂಗ ಪತ್ತೆಗೆ ಈಗ ಸೂಜಿಯೂ ಬೇಡ. 2023ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯಲ್ಲೇ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡಿದ್ದ ಜಾಲ ಬಯಲಾಯಿತು.

ಲಿಂಗ ತಿಳಿಸಬಾರದು ಎಂಬ ಬೋರ್ಡು ಎಲ್ಲರಿಗೂ ಗೊತ್ತು. ಅದೇ ಕಾಯ್ದೆಯ ಐದನೇ ಕಲಮಿನ ಇನ್ನೊಂದು ಮಾತು ಯಾರಿಗೂ ಗೊತ್ತಿಲ್ಲ. ಪರೀಕ್ಷೆಗೆ ಮುಂಚೆ ಅದರ ಅಡ್ಡಪರಿಣಾಮಗಳನ್ನೆಲ್ಲ ಗರ್ಭಿಣಿಗೆ ವಿವರಿಸಬೇಕು. ಆಕೆಗೆ ಅರ್ಥವಾಗುವ ಭಾಷೆಯಲ್ಲಿ ಬರೆದ ಒಪ್ಪಿಗೆ ಪಡೆಯಬೇಕು. ಅದರ ಪ್ರತಿಯನ್ನು ಆಕೆಗೆ ಕೊಡಬೇಕು. ಗಂಡನಿಗೆ ಅರ್ಥವಾದರೆ ಸಾಕು ಎಂದು ಕಾನೂನು ಹೇಳಿಲ್ಲ.

ಹೊಸೂರು, ತಳಿ, ಬಾಗಲೂರು, ಡೆಂಕಣಿಕೋಟೆಗಳಲ್ಲಿ ಕನ್ನಡ, ತೆಲುಗು ಮನೆಮಾತಿನವರು ಎಷ್ಟು ಜನ ಇದ್ದಾರೆಂದು ಆರೋಗ್ಯ ಇಲಾಖೆಗೆ ಯಾರೂ ಹೇಳಿಕೊಡಬೇಕಿಲ್ಲ. ಒಪ್ಪಿಗೆ ಪತ್ರವನ್ನು ತಮಿಳಿನ ಜೊತೆ ಈ ಎರಡು ಭಾಷೆಗಳಲ್ಲೂ ಅಚ್ಚು ಹಾಕಿಸಿ ಸರ್ಕಾರಿ, ಖಾಸಗಿ ಆಸ್ಪತ್ರೆಗಳಲ್ಲಿ ಇಡಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ. ಭಾಷೆ ಬಲ್ಲ ನರ್ಸನ್ನು ಪಕ್ಕದಲ್ಲಿ ನಿಲ್ಲಿಸುವುದಕ್ಕಂತೂ ಖರ್ಚೇ ಇಲ್ಲ.

ಇದು ಭಾಷಾ ಜಗಳದ ಮಾತಲ್ಲ. ಹೊಟ್ಟೆಗೆ ಸೂಜಿ ಹಾಕಿಸಿಕೊಳ್ಳುವವಳಿಗೆ ಯಾಕೆ ಎಂದು ತಿಳಿಯಬೇಕು, ಅಷ್ಟೆ. ಅಲ್ಲಿಯವರೆಗೆ ನಮ್ಮ ಹೆಣ್ಣುಮಕ್ಕಳು ಪೆನ್ನು ಹಿಡಿಯುವ ಮುಂಚೆ ಒಂದು ಮಾತು ಕೇಳಲಿ: 'ಕನ್ನಡದಲ್ಲಿ ಹೇಳಿ, ಆಮೇಲೆ ಸಹಿ ಹಾಕ್ತೀನಿ.' ಮನೆಯ ಹಿರಿಯರು 'ಗಂಡೋ ಹೆಣ್ಣೋ' ಅಂತ ಕೇಳೋದು ಬಿಟ್ಟು 'ಮಗು ಚೆನ್ನಾಗಿದೆಯಾ' ಅಂತ ಕೇಳಲಿ.