ಊರಲ್ಲೊಂದು ಮನೆ: ಸಹಿ ಹಾಕುವ ಮುನ್ನ ಒಂದಿಷ್ಟು ವಿಚಾರ

ಕೊಲ್ಲಿ ರಾಷ್ಟ್ರಗಳಲ್ಲಿ ಹತ್ತಿಪ್ಪತ್ತು ವರ್ಷ ದುಡಿದ ನಮ್ಮವರ ಕನಸು ಹೆಚ್ಚಾಗಿ ಒಂದೇ. ಊರಲ್ಲೊಂದು ಒಳ್ಳೆಯ ಮನೆ, ಇಲ್ಲವೇ ಮಂಗಳೂರಿನಲ್ಲೋ ಉಡುಪಿಯಲ್ಲೋ ಒಂದು ಫ್ಲ್ಯಾಟ್. ಹಣ ಕೂಡಿಸುವುದಕ್ಕೆ ಪಡುವ ಕಷ್ಟದ ಕಾಲಂಶವನ್ನೂ ಕಾಗದಪತ್ರ ಓದುವುದಕ್ಕೆ ನಾವು ಪಡುವುದಿಲ್ಲ ಎಂಬುದು ಬೇಸರದ ಸಂಗತಿ.

ಈಗ ಕಾಗದಪತ್ರದ ಬಿಸಿ ಎಲ್ಲರಿಗೂ ತಟ್ಟಿದೆ. 2024ರಲ್ಲಿ ಇ-ಖಾತೆ ಇಲ್ಲದೆ ನೋಂದಣಿ ಇಲ್ಲ ಎಂಬ ನಿಯಮ ಬಂದಾಗ ಅಜ್ಜನ ಹೆಸರಿನಲ್ಲೇ ಉಳಿದ ಮನೆಗಳವರು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಯಿತು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವೂ ಶೇಕಡಾ 1ರಿಂದ 2ಕ್ಕೆ ಏರಿತು. 50 ಲಕ್ಷದ ಫ್ಲ್ಯಾಟಿಗೆ ಮುದ್ರಾಂಕ ಶುಲ್ಕ ಬಿಟ್ಟು ಬರೀ ನೋಂದಣಿಗೇ 1 ಲಕ್ಷ ರೂಪಾಯಿ! ಇಷ್ಟೆಲ್ಲ ಕೊಟ್ಟ ಮೇಲೂ ಜಾಗ ನಮ್ಮದೇ ಎಂಬ ಖಾತ್ರಿ ಸರಕಾರ ಕೊಡುವುದಿಲ್ಲ. ಖಾತೆ ಎಂಬುದು ತೆರಿಗೆಯ ದಾಖಲೆ, ಅದು ಮಾಲೀಕತ್ವದ ಪತ್ರವಲ್ಲ. ಋಣಭಾರ ಪತ್ರದಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರಗಳು ಮಾತ್ರ. ಪೆಟ್ಟಿಗೆಯಲ್ಲಿರುವ ಉಯಿಲು ಅಲ್ಲಿ ಕಾಣುವುದಿಲ್ಲ.

ನಮ್ಮ ಕರಾವಳಿಯ ಭೂಮಿಗೆ ಬೇರೆಲ್ಲೂ ಇಲ್ಲದ ತೊಡಕುಗಳೂ ಇವೆ. ಕುಮ್ಕಿಯನ್ನೇ ನೋಡಿ. ವರ್ಗ ಜಾಗದಿಂದ 100 ಗಜದೊಳಗಿನ ಸರಕಾರಿ ಭೂಮಿಯಲ್ಲಿ ಸೊಪ್ಪು, ಸೌದೆ, ಹುಲ್ಲಿಗೆ ವರ್ಗದಾರನಿಗಿರುವ ಸೌಲಭ್ಯ ಅದು. ತಲೆಮಾರುಗಳಿಂದ ಬೇಲಿ ಹಾಕಿ ತೆಂಗು ನೆಟ್ಟರೂ ಅದು ಸರಕಾರದ ಜಾಗವೇ. 'ಜಾಗ 30 ಸೆಂಟ್ಸ್, ಜೊತೆಗೆ ಕುಮ್ಕಿ 20' ಎಂದು ಹೇಳಿ ಐವತ್ತರ ಬೆಲೆ ಕೇಳುವವರಿದ್ದಾರೆ. ಕೊಡುವವರೂ ಇದ್ದಾರೆ! ಹಾಗೆಯೇ ಮೂಲಗೇಣಿ. ಮೂಲಗೇಣಿದಾರರಿಗೆ ಮಾಲೀಕತ್ವ ಕೊಡುವ 2011ರ ಕಾಯ್ದೆ ನ್ಯಾಯಾಲಯದ ಮೆಟ್ಟಿಲೇರಿತು. ಅಂಥ ಜಾಗದ ಮೇಲಿನ ಮನೆಯನ್ನು ಕೊಳ್ಳುವವರು ಮೂಲದಾರ ಯಾರು, ಅವನ ಹಕ್ಕು ಏನಾಗಿದೆ ಎಂಬುದನ್ನು ವಕೀಲರಿಂದಲೇ ತಿಳಿಯಬೇಕು. ಬ್ರೋಕರನ ಮಾತು ಇಲ್ಲಿ ಸಾಲದು.

ಆದರೆ ನಮ್ಮ ಮನೆಗಳಲ್ಲಿ ಅತಿ ಹೆಚ್ಚು ಕಣ್ಣೀರು ಹರಿಸಿರುವುದು ಕುಮ್ಕಿಯೂ ಅಲ್ಲ, ಬಿಲ್ಡರನೂ ಅಲ್ಲ. ಪಾಲು. ಕ್ರೈಸ್ತರಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಉಯಿಲು ಬರೆಯದೆ ತಂದೆ ತೀರಿಕೊಂಡರೆ ಹೆಂಡತಿಗೆ ಮೂರರಲ್ಲಿ ಒಂದು ಪಾಲು. ಉಳಿದ ಎರಡು ಪಾಲು ಮಕ್ಕಳೆಲ್ಲರಿಗೂ ಸಮ. ಗಂಡುಮಕ್ಕಳಿಗೆಷ್ಟೋ ಹೆಣ್ಣುಮಕ್ಕಳಿಗೂ ಅಷ್ಟೇ. ಮದುವೆಯಲ್ಲಿ ಚಿನ್ನ ಕೊಟ್ಟಿದ್ದೇವೆ, ಅವಳಿಗೇನೂ ಇಲ್ಲ ಎಂಬುದು ನಮ್ಮ ಮನೆಮಾತು, ಕಾನೂನಲ್ಲ. ತಂಗಿ ದುಬೈಯಲ್ಲಿದ್ದಾಳೆ, ಅವಳು ಕೇಳುವುದಿಲ್ಲ ಎಂದು ಅಣ್ಣಂದಿರಿಬ್ಬರೇ ಸಹಿ ಹಾಕಿ ಮಾರಿದರೆ ಮಾರಾಟವಾಗುವುದು ಅವರ ಪಾಲು ಮಾತ್ರ. ತಂಗಿಯ ಪಾಲಿನ ಮಟ್ಟಿಗೆ ಕೊಂಡವನ ಕೈಯಲ್ಲಿ ಉಳಿಯುವುದು ಒಂದು ವ್ಯಾಜ್ಯ. ಕೊಳ್ಳುವವರು ವಂಶವೃಕ್ಷ ಕೇಳುವುದು ಅನುಮಾನದಿಂದಲ್ಲ, ಅದನ್ನು ಅವಮಾನ ಎಂದುಕೊಳ್ಳಬಾರದು.

ಉಯಿಲಿನ ವಿಷಯದಲ್ಲಿ ಎರಡು ಮಾತು. 2002ರ ತಿದ್ದುಪಡಿಯ ಬಳಿಕ ಕ್ರೈಸ್ತರ ಉಯಿಲಿಗೆ ಪ್ರೊಬೇಟ್ ಕಡ್ಡಾಯವಲ್ಲ. ಇನ್ನೊಂದು, ಮದುವೆಗೆ ಮೊದಲು ಬರೆದ ಉಯಿಲು ಮದುವೆಯೊಂದಿಗೇ ರದ್ದಾಗುತ್ತದೆ. ವಿಧುರರಾಗಿ ಮಕ್ಕಳಿಗೆ ಬರೆದಿಟ್ಟು, ಆಮೇಲೆ ಮರುಮದುವೆಯಾದವರು ಹೊಸದಾಗಿ ಬರೆಯಲೇಬೇಕು.

ವಿದೇಶದಲ್ಲಿರುವವರು ಪವರ್ ಆಫ್ ಅಟಾರ್ನಿ ಕಳುಹಿಸಿ ನಿಶ್ಚಿಂತರಾಗುತ್ತಾರೆ. ಅದನ್ನು ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಬೇಕು, ಇಲ್ಲಿಗೆ ಬಂದ 3 ತಿಂಗಳೊಳಗೆ ಮುದ್ರಾಂಕ ಕಟ್ಟಿಸಬೇಕು. ಸಾಮಾನ್ಯವಾಗಿ ಕೊಟ್ಟವರು ತೀರಿಕೊಂಡರೆ ಅದೂ ಅಲ್ಲಿಗೇ ಮುಗಿಯುತ್ತದೆ. ಬರೀ ಜಿ.ಪಿ.ಎ. ಮೇಲೆ ಆಸ್ತಿಯ ಒಡೆತನ ದಾಟುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಸ್ಪಷ್ಟಪಡಿಸಿದೆ. 2020ರಲ್ಲಿ ಕರ್ನಾಟಕದ ಭೂಸುಧಾರಣಾ ಕಾಯ್ದೆ ತಿದ್ದುಪಡಿಯಾಗಿ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದಾಯಿತು ನಿಜ, ಆದರೆ ಅದು ಅನಿವಾಸಿ ಭಾರತೀಯರಿಗೆ ತೆರೆದ ಬಾಗಿಲಲ್ಲ. ವಿದೇಶಿ ವಿನಿಮಯದ ನಿಯಮದಂತೆ ಅವರು ಮನೆ, ಫ್ಲ್ಯಾಟ್ ಕೊಳ್ಳಬಹುದು. ಕೃಷಿಭೂಮಿ, ತೋಟ, ಫಾರ್ಮ್‌ಹೌಸ್ ಸಾಮಾನ್ಯವಾಗಿ ಕೊಳ್ಳುವಂತಿಲ್ಲ.

ಫ್ಲ್ಯಾಟ್ ಕೊಳ್ಳುವವರಿಗೆ 2016ರ ರೇರಾ ಕಾಯ್ದೆ ಒಂದು ಆಸರೆ. ನೋಂದಾಯಿತ ಕರಾರು ಇಲ್ಲದೆ ಬಿಲ್ಡರ್ ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಗ್ರಾಹಕರಿಂದ ಬಂದ ಹಣದ ಶೇಕಡಾ 70ನ್ನು ಆ ಕಟ್ಟಡಕ್ಕೇ ಮೀಸಲಾದ ಖಾತೆಯಲ್ಲಿಡಬೇಕು. ಹೇಳಿದ ದಿನಕ್ಕೆ ಕೀ ಕೊಡದಿದ್ದರೆ ಬಡ್ಡಿ ಸಹಿತ ಹಣ ಹಿಂದಕ್ಕೆ ಕೇಳುವುದು ಕೊಂಡವನ ಷರತ್ತಿಲ್ಲದ ಹಕ್ಕು ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಆದೇಶ ಸಿಗುವುದು ಬೇರೆ, ಹಣ ಸಿಗುವುದು ಬೇರೆ. ಬಿಲ್ಡರ್ ಕೊಡದಿದ್ದರೆ ಭೂಕಂದಾಯದ ಬಾಕಿಯಂತೆ ಕಂದಾಯ ಇಲಾಖೆಯೇ ವಸೂಲು ಮಾಡಬೇಕು, ಆ ಕಡತ ಎಷ್ಟು ವೇಗದಲ್ಲಿ ಚಲಿಸುತ್ತದೆ ಎಂಬುದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಸೂಕ್ಷ್ಮ: 500 ಚದರ ಮೀಟರ್ ಮೀರದ ಜಾಗದ ಅಥವಾ 8 ಮನೆ ಮೀರದ ಕಟ್ಟಡಕ್ಕೆ ರೇರಾ ನೋಂದಣಿ ಬೇಕಿಲ್ಲ. ನಮ್ಮ ಲೆಕ್ಕದಲ್ಲಿ 12 ಸೆಂಟ್ಸಿಗಿಂತ ತುಸು ಹೆಚ್ಚು. ಹಳೆಯ ಮನೆ ಕೆಡವಿ ಎಬ್ಬಿಸಿದ ಎಷ್ಟೋ ಸಣ್ಣ ಕಟ್ಟಡಗಳು ಈ ಲೆಕ್ಕದೊಳಗೇ ಬರುತ್ತವೆ. ಅಲ್ಲಿ ಕೊಂಡವರಿಗೆ ಜಗಳವಾದರೆ ಗ್ರಾಹಕರ ಆಯೋಗ, ಸಿವಿಲ್ ಕೋರ್ಟುಗಳೇ ದಾರಿ.

ರೇರಾಕ್ಕೆ ಒಳಪಟ್ಟ ಕಟ್ಟಡದಲ್ಲಿ, ಮನೆ ವಶಕ್ಕೆ ಬಂದ 5 ವರ್ಷದೊಳಗೆ ರಚನೆಯಲ್ಲಿ ಅಥವಾ ಕೆಲಸದ ಗುಣಮಟ್ಟದಲ್ಲಿ ದೋಷ ಕಂಡರೆ ತಿಳಿಸಿದ 30 ದಿನದೊಳಗೆ ಬಿಲ್ಡರ್ ತನ್ನ ಖರ್ಚಿನಲ್ಲೇ ಸರಿಪಡಿಸಬೇಕು. ನಮ್ಮಲ್ಲಿ ಆ ದೋಷ ಕಾಣಿಸುವುದು ಸಾಮಾನ್ಯವಾಗಿ ಜೂನ್-ಜುಲೈ ಮಳೆಯಲ್ಲಿ, ಗೋಡೆ ಒಸರತೊಡಗಿದಾಗ. ಆಗ ಫೋನಿನಲ್ಲಿ ಜಗಳವಾಡಿ ಸುಮ್ಮನಾಗದೆ, ತಾರೀಕು ಹಾಕಿದ ಪತ್ರವನ್ನು ಫೋಟೊ ಸಹಿತ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ, ರಶೀದಿ ತೆಗೆದಿಡಬೇಕು.